ಯಂತ್ರದ ಮಗ್ಗುಲಲ್ಲಿ ದುಡಿಯುವವರಿಗೆ ನಾಲ್ಕು ಮಾತು

(ಸಂಘದ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಮಾನ್ಯವಾಗಿ ಕತೆ, ಕಾವ್ಯ, ದಾಸರ ಪದಗಳ ವಿಚಾರವಾಗಿ ಮಾತುಕತೆ ನಡೆಯುವುದುಂಟು. ಈ ಸಂಜೆ ನಾವು ಮಣ್ಣು, ಕಬ್ಬಿಣ, ಗಾಲಿಗಳ ವಿಚಾರವನ್ನು ಎತ್ತಿಕೊಂಡಿದ್ದೇವೆ. ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯ ನಮ್ಮ ಜನ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆಗಳಿಗೆ ಬರುತ್ತಾರೆ. ಬೆಳಗಾಗುತ್ತಲೆ ನಾಕಾದಲ್ಲಿ ನಿಂತು, ಮುಕಾದಮನು ಕರೆದಲ್ಲಿಗೆ ಹೋಗುತ್ತಾರೆ. ಮೊದಲು ಅಲ್ಲಿ ಗುದ್ದಲಿ ಬುಟ್ಟಿಗಳಿದ್ದುವು. ಈಗ ಜೆಸಿಬಿ, ಟಿಪ್ಪರು, ಕ್ರೇನುಗಳಿವೆ. ಹೊಲದಲ್ಲಿ ಎತ್ತಿನ ಹತ್ತಿರ ಹೇಗೆ ನಿಲ್ಲಬೇಕೆಂಬುದು ನಮಗೆ ಚಿಕ್ಕಂದಿನಿಂದ ಗೊತ್ತು. ನಾವು ನಿಂತದ್ದು ಎತ್ತಿಗೂ ಗೊತ್ತಾಗುತ್ತದೆ. ಯಂತ್ರಕ್ಕೆ ಆ ಅರಿವಿಲ್ಲ.

ನಮ್ಮದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡುಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಹಾಜರಿ ಬರೆಯುತ್ತಿದ್ದ ಒಂದು ಕಾಮಗಾರಿಗೆ ನಮ್ಮ ಕಡೆಯ ಹುಡುಗನೊಬ್ಬ ಬಿಗಾರಿಯಾಗಿ ಬಂದ. ಬಂದು ನಾಲ್ಕು ದಿನವಾಗಿತ್ತು. ಟಿಪ್ಪರು ಹಿಂದಕ್ಕೆ ಬರುತ್ತಿದ್ದಾಗ ಯಾರೋ ಮರಾಠಿಯಲ್ಲಿ ‘ಬಾಜೂಲಾ ಹೋ’ ಎಂದು ಕೂಗಿದರು. ಮಾತು ಅರ್ಥವಾಗದೆ ಹುಡುಗ ಕೂಗಿದವರ ಮುಖ ನೋಡುತ್ತ ನಿಂತ. ಜೀವ ಉಳಿಯಿತು, ಕಾಲು ಹೋಯಿತು. ಅವನ ಹೆಸರನ್ನು ಶನಿವಾರ ಬರೆದರಾಯಿತೆಂದು ನಾವು ಬಿಟ್ಟಿದ್ದೆವು. ಪರಿಹಾರ ಕೇಳಲು ಹೋದಾಗ, ಅವನು ಅಲ್ಲಿ ದುಡಿದನೆಂಬುದಕ್ಕೆ ಪುಸ್ತಕದಲ್ಲಿ ಒಂದು ಗೆರೆಯೂ ಇರಲಿಲ್ಲ. ಆ ಖಾಲಿ ಗೆರೆ ಇಂದಿಗೂ ನಮ್ಮ ಕಣ್ಣ ಮುಂದಿದೆ. ಆದಕಾರಣ ಈ ಮಾತುಗಳು ದುಡಿಯುವವರಿಗೆ ಎಷ್ಟೋ, ಬರೆಯುವವರಿಗೂ ಅಷ್ಟೇ.

ಮೊದಲನೆಯದು, ಚಾಲಕನಿಗೆ ನಾವು ಕಾಣುತ್ತೇವೆಂದು ನಂಬಬಾರದು. ದೊಡ್ಡ ಗಾಡಿಯ ನೇರ ಹಿಂಭಾಗ, ಎರಡೂ ಮಗ್ಗುಲು, ಮೂತಿಯ ಕೆಳಗಿನ ಜಾಗ, ಇಷ್ಟೂ ಅವನ ಕಣ್ಣಿಗೆ ಮರೆ. ಗಾಡಿಯ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ, ನೀವೂ ಅವನಿಗೆ ಕಾಣುವುದಿಲ್ಲವೆಂದೇ ತಿಳಿಯಿರಿ. ಹತ್ತಿರ ಹೋಗುವ ಮುನ್ನ ಅವನ ಕಣ್ಣಿಗೆ ಬಿದ್ದು, ಅವನು ಯಂತ್ರ ನಿಲ್ಲಿಸಿ ಕೈಸನ್ನೆ ಮಾಡಿದ ಮೇಲೆ ಹೋಗತಕ್ಕದ್ದು. ಹಿಂದಕ್ಕೆ ಬರುವ ಗಾಡಿಗೆ ದಾರಿ ಹೇಳುವವನು ಒಬ್ಬನೇ ಇರಬೇಕು. ಅವನೂ ಪಕ್ಕದಲ್ಲಿ, ಕನ್ನಡಿಗೆ ಕಾಣುವಂತೆ ನಿಲ್ಲಬೇಕು. ‘ನಿಲ್ಲಿಸು’ ಎಂಬ ಸನ್ನೆಯನ್ನು ಮಾತ್ರ ಯಾರು ಮಾಡಿದರೂ ಚಾಲಕನು ನಿಲ್ಲಿಸಲೇಬೇಕು.

ಎರಡನೆಯದು, ಮಣ್ಣು ಅಗೆಯುವ ಯಂತ್ರ. ನಮ್ಮ ದೃಷ್ಟಿಯೆಲ್ಲ ಅದರ ಮುಂದಿನ ಬಕೆಟ್ಟಿನ ಮೇಲಿರುತ್ತದೆ. ಸರಪಳಿಯ ಮೇಲೆ ಕುಳಿತು ಗಿರ್ರನೆ ತಿರುಗುವ ಯಂತ್ರದ ಬೆನ್ನಿನಲ್ಲಿ ಸಮತೂಕಕ್ಕೆಂದು ಟನ್ನುಗಟ್ಟಲೆ ಕಬ್ಬಿಣವಿರುತ್ತದೆ. ಬಕೆಟ್ಟು ಎಡಕ್ಕೆ ಹೋದರೆ ಬೆನ್ನು ಬಲಕ್ಕೆ ಬರುತ್ತದೆ. ಆ ಬೆನ್ನಿಗೂ ಗೋಡೆಗೂ ನಡುವೆ, ಅಥವಾ ಆ ಬೆನ್ನಿಗೂ ನಿಂತ ಲಾರಿಗೂ ನಡುವೆ ಸಿಕ್ಕವನಿಗೆ ಓಡಲು ಜಾಗವಿರುವುದಿಲ್ಲ. ಆ ಸಂದಿನಲ್ಲಿ ನುಸುಳಿ ಹೋಗುವ ಹತ್ತಿರದ ದಾರಿಯನ್ನು ಬಿಟ್ಟು ಸುತ್ತಿ ಬನ್ನಿ.

ಮೂರನೆಯದು, ಕಂದಕ. ಒಂದು ಘನ ಮೀಟರು ಮಣ್ಣು ಸುಮಾರು ಒಂದೂವರೆ ಟನ್ನು ತೂಗುತ್ತದೆ. ನಮ್ಮ ಲೆಕ್ಕದಲ್ಲಿ ಕ್ವಿಂಟಾಲು ತೂಕದ ಹದಿನೈದು ಚೀಲ ಜೋಳ! ಅಷ್ಟು ಎದೆಯ ಮೇಲೆ ಕುಸಿದರೆ, ತಲೆ ಹೊರಗಿದ್ದರೂ ಉಸಿರಾಟ ನಡೆಯದು. ಅಗೆದ ಮಣ್ಣಿನ ರಾಶಿ ಅಂಚಿನಿಂದ ಒಂದೂವರೆ ಮೀಟರಾದರೂ ದೂರವಿರಲಿ. ಯಂತ್ರ, ಲಾರಿಗಳು ಇನ್ನೂ ದೂರ. ಆಳೆತ್ತರದ ಕಂದಕಕ್ಕೆ ಹಲಗೆಯ ಆಸರೆ ಹಾಗೂ ಏಣಿಯಿಲ್ಲದಿದ್ದರೆ ಇಳಿಯಬೇಡಿರಿ. ಮಳೆ ಬಂದು ಹೋದ ಮರುದಿನ ಬೆಳಿಗ್ಗೆ ಅಂಚಿನ ಬಿರುಕುಗಳನ್ನು ನೋಡದೆ ಯಾರೂ ಕೆಳಗೆ ಹೋಗಕೂಡದು.

ನಾಲ್ಕನೆಯದು, ಕ್ರೇನು ಮತ್ತು ತಂತಿ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಮೈಲಿ ನಡೆಯಬಹುದು. ಅದನ್ನೇ ಕೈಚಾಚಿ ಹಿಡಿದರೆ ತೋಳು ಸೋಲುತ್ತದೆ. ಕ್ರೇನಿನ ಗತಿಯೂ ಅದೇ. ತೋಳು ಹೊರಕ್ಕೆ ಚಾಚಿದಷ್ಟೂ ಅದು ಎತ್ತಬಲ್ಲ ತೂಕ ಕಡಿಮೆಯಾಗುತ್ತದೆ. ತೂಗುವ ಭಾರದ ಕೆಳಗೆ ಒಂದು ಕ್ಷಣವೂ ನಿಲ್ಲಬಾರದು. ಭಾರವನ್ನು ತಿರುಗಿಸಬೇಕಾದರೆ ಅದಕ್ಕೆ ಕಟ್ಟಿದ ಹಗ್ಗವನ್ನು ದೂರದಿಂದ ಹಿಡಿಯಿರಿ, ಆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿರಿ. ಯಂತ್ರದ ತೋಳು ವಿದ್ಯುತ್ ತಂತಿಗೆ ತಗುಲಿತೆನ್ನಿ. ಚಾಲಕನನ್ನು ಎಳೆದು ತರಲು ಓಡಬೇಡಿರಿ. ಸುತ್ತಲ ನೆಲದಲ್ಲಿಯೂ ವಿದ್ಯುತ್ತು ಹರಿಯುತ್ತಿರುತ್ತದೆ. ವಿದ್ಯುತ್ತನ್ನು ಕಡಿಯುವವರೆಗೆ ಅವನು ಒಳಗೇ ಕೂಡಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ, ಎರಡೂ ಕಾಲು ಜೋಡಿಸಿ ಜಿಗಿಯಬೇಕು. ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಪಾದಗಳನ್ನು ನೆಲದಿಂದ ಎತ್ತದೆ ಸಣ್ಣಗೆ ಜರುಗುತ್ತ ದೂರ ಬರಬೇಕು.

ಇನ್ನೊಂದು ಮಾತನ್ನು ತಾಯಂದಿರಿಗೆ ವಿಶೇಷವಾಗಿ ಅರಿಕೆ ಮಾಡುತ್ತೇವೆ. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ನೆರಳು ಬೇಕೆನಿಸುತ್ತದೆ. ನಿಂತ ಲಾರಿಯ ಕೆಳಗಿನ ನೆರಳು ತಂಪಾಗಿರುತ್ತದೆ. ಅಲ್ಲಿ ನೀವೂ ಮಲಗಬೇಡಿರಿ, ಕೂಸನ್ನೂ ಮಲಗಿಸಬೇಡಿರಿ. ಊಟ ಮುಗಿಸಿ ಬಂದ ಚಾಲಕನು ಗಾಡಿಯ ಅಡಿ ಬಗ್ಗಿ ನೋಡಿಯಾನೆಂಬ ಭರವಸೆ ಏನು? ಚಾಲಕ ಬಂಧುಗಳಲ್ಲಿಯೂ ನಮ್ಮ ಬೇಡಿಕೆ ಇಷ್ಟೇ: ಕೀಲಿ ತಿರುವುವ ಮುನ್ನ ಗಾಡಿಗೆ ಒಂದು ಸುತ್ತು ಬನ್ನಿ.

ಭಾಷೆಯ ತೊಡಕಿಗೆ ಮದ್ದು ನಮ್ಮ ಕೈಯಲ್ಲಿಯೇ ಇದೆ. ಊರಿನಿಂದ ಹೊಸಬರು ಬಂದ ಮೊದಲ ರಾತ್ರಿಯೇ, ಊಟಕ್ಕೆ ಕುಳಿತಾಗ, ಥಾಂಬಾ, ರುಕೋ, ಹಟೋ, ಬಾಜೂಲಾ, ಪೀಛೇ ಎಂಬ ಐದು ಮಾತುಗಳನ್ನು ಅವರಿಗೆ ಕಲಿಸಿರಿ. ಕೂಗು ಕೇಳಿದೊಡನೆ ಕೂಗಿದವನ ಮುಖ ನೋಡದೆ ಗಾಡಿ ಎಲ್ಲಿದೆಯೆಂದು ನೋಡಿ ಸರಿಯಲು ಹೇಳಿರಿ. ಗದ್ದಲದಲ್ಲಿ ಯಾವ ಭಾಷೆಯೂ ಕೇಳಿಸದು. ಆದ್ದರಿಂದ ಆ ಕಾಮಗಾರಿಯ ಕೈಸನ್ನೆಗಳನ್ನು ಮೊದಲ ದಿನವೇ ತೋರಿಸಿಕೊಡಲು ಕೇಳಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ‘ಅಣ್ಣಾ, ಗಾಡಿ ನಿಲ್ಲಿಸಿದ ಮೇಲೆ ಮಾಡುತ್ತೇನೆ’ ಎಂದು ಮುಕಾದಮನಿಗೆ ಒಬ್ಬನೇ ಹೇಳಿದರೆ ಬೈಗುಳ ಬಂದೀತು. ಹತ್ತು ಜನ ಒಟ್ಟಾಗಿ ಹೇಳಿದರೆ ಗಾಡಿ ನಿಂತೀತು.

ಕಡೆಗೆ, ಲೆಕ್ಕಣಿಕೆ ಹಿಡಿದ ನಮ್ಮಂಥವರಿಗೆ. ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಸಲ್ಲಬೇಕೆಂಬ ಕಾಯಿದೆ ಈ ದೇಶದಲ್ಲಿ 1923ರಲ್ಲಿಯೇ ಆಯಿತು. ಕಟ್ಟಡ ಕಾರ್ಮಿಕರ ಕಾಯಿದೆ 1996ರಲ್ಲಿ ಬಂದಿತು. ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ 18ರಿಂದ 60 ವಯಸ್ಸಿನೊಳಗಿನವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದೆಂದು ಅದು ಹೇಳಿತು. 2020ರಲ್ಲಿ ಸಂಸತ್ತು ಇವುಗಳನ್ನು ಹೊಸ ಸಂಹಿತೆಗಳೊಳಗೆ ಸೇರಿಸಿತು. ಕಾಯಿದೆಯ ಹೆಸರು ಏನೇ ಇರಲಿ, ಅದು ಮೊದಲು ಕೇಳುವುದು ದಾಖಲೆಯನ್ನು. ಆದ್ದರಿಂದ ಬಂದ ದಿನವೇ, ಕೆಲಸಕ್ಕೆ ಕೈಹಚ್ಚುವ ಮುನ್ನ, ಹೆಸರು ಬರೆಯಿರಿ. ಕಾರ್ಮಿಕ ಬಂಧುಗಳೆ, ಬರೆದದ್ದನ್ನು ನೀವೂ ಓದಿಸಿ ಕೇಳಿರಿ. ಓದು ಬಾರದಿದ್ದರೆ ಪ್ರತಿ ರವಿವಾರ ಸಂಜೆ ಈ ಮೇಜಿನ ಬಳಿ ಬನ್ನಿ. ಅರ್ಜಿ ಬರೆದುಕೊಡಲು ನಮ್ಮಲ್ಲೊಬ್ಬರು ಕುಳಿತಿರುತ್ತೇವೆ.

ಊರಿನಲ್ಲಿ ನಮ್ಮ ದಾರಿ ಕಾಯುವವರು ಪಗಾರಿನ ಹಣವನ್ನಷ್ಟೇ ಕಾಯುತ್ತಿಲ್ಲ. ಹೋದ ಹಾಗೆಯೇ ನಾವು ತಿರುಗಿ ಬರಲೆಂದು ಕಾಯುತ್ತಾರೆ.