ಹೊಸದಾಗಿ ಸೇರಿದವರ ಪ್ರಶ್ನೆ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು, ಇಂದು ಬೆಂಗಳೂರು, ಮಂಗಳೂರು, ಕೊಚ್ಚಿಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುತ್ತಿರುವವರ ಪರವಾಗಿ ನಾವಿಲ್ಲಿ ನಿಂತಿದ್ದೇವೆ. ಅದೇ ದಾರಿ ಹಿಡಿಯಲಿರುವ ತರುಣ ತರುಣಿಯರೂ ಅವರ ತಂದೆತಾಯಿಗಳೂ ಈ ಸಭೆಯಲ್ಲಿದ್ದಾರೆ. ಹೊಸದಾಗಿ ಸೇರಿದ ತಂಡದ ಕೆಲಸದ ಕ್ರಮದಲ್ಲಿ ಕುಂದು ಕಂಡರೆ ಏನು ಮಾಡಬೇಕೆಂಬ ಒಂದೇ ವಿಷಯವನ್ನು ಅವರ ಮುಂದಿಡುತ್ತೇವೆ.

“ಹೊಸತರಲ್ಲಿ ಬಾಯಿ ಮುಚ್ಚಿಕೊಂಡಿರು” ಎಂಬುದು ಮನೆಯಿಂದ ಹೊರಡುವ ಮಕ್ಕಳಿಗೆ ದೊರೆಯುವ ಉಪದೇಶ. ಅದರಲ್ಲಿ ವಾತ್ಸಲ್ಯವಿದೆ, ಲೋಕಾನುಭವವೂ ಇದೆ; ಆದರೆ ಅದು ಅರ್ಧ ಸತ್ಯ. ಬಹುಕಾಲ ಒಂದೇ ಮನೆಯಲ್ಲಿದ್ದವರಿಗೆ ಮಾಡು ಸೋರುವುದು ರೂಢಿಯಾಗಿ, ಕೆಳಗೊಂದು ಪಾತ್ರೆಯಿಟ್ಟು ಸುಮ್ಮನಾಗುತ್ತಾರೆ. ತಲೆಯೆತ್ತಿ ಮಾಡನ್ನು ನೋಡುವವರು ಹೊಸದಾಗಿ ಬಂದವರೇ.

ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆಯೊಂದಿತ್ತು. 2012ನೆಯ ಇಸವಿ ಆಗಸ್ಟ್ 1ರಂದು ಅದರ ಗಣಕಯಂತ್ರಗಳು ಸುಮಾರು 45 ನಿಮಿಷಗಳ ಕಾಲ ಯಾರೂ ಬಯಸದ ಕ್ರಯವಿಕ್ರಯವನ್ನು ನಡೆಸಿದವು. ನಷ್ಟವು 46 ಕೋಟಿ ಡಾಲರುಗಳನ್ನೂ ಮೀರಿತು. ಕಾರಣವೇನು? ಹೊಸ ಕೋಡನ್ನು ಎಂಟು ಸರ್ವರುಗಳಿಗೆ ಹಾಕಬೇಕಾಗಿತ್ತು. ಒಂದಕ್ಕೆ ಹಾಕುವುದು ತಪ್ಪಿಹೋಯಿತು. ಅಲ್ಲಿ ಉಳಿದಿದ್ದ, ಬಳಕೆ ತಪ್ಪಿದ ಹಳೆಯ ಕೋಡು ಮತ್ತೆ ಎದ್ದು ಕೆಲಸ ಮಾಡತೊಡಗಿತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮವು ಅಲ್ಲಿರಲಿಲ್ಲ. ಪೇಟೆ ತೆರೆಯುವ ಮೊದಲೇ ದೋಷವನ್ನು ಸೂಚಿಸುವ 97 ಇಮೇಲುಗಳು ಸಿಬ್ಬಂದಿಗೆ ಬಂದಿದ್ದವು. ಅವುಗಳ ಮೇಲೆ ಯಾರೂ ಕ್ರಮ ಕೈಗೊಳ್ಳಲಿಲ್ಲ. ಇದೆಲ್ಲವೂ ಅಲ್ಲಿನ ಷೇರು ಪೇಟೆಯ ನಿಯಂತ್ರಣ ಆಯೋಗದ 2013ರ ಆದೇಶದಲ್ಲಿ ದಾಖಲಾಗಿದೆ.

ಇಲ್ಲಿ ಕೆಟ್ಟದ್ದು ಒಬ್ಬರ ಬುದ್ಧಿಯಲ್ಲ, ಕೆಲಸದ ಕ್ರಮ. “ಇದನ್ನು ಎರಡನೆಯವರು ನೋಡುತ್ತಾರೆಯೆ? ಈ ಇಮೇಲುಗಳನ್ನು ಓದುವವರು ಯಾರು?” ಎಂದು ಕೇಳಲು ಪಾಂಡಿತ್ಯ ಬೇಕಾಗಿಲ್ಲ. ನಿನ್ನೆ ಸೇರಿದವರೂ ಕೇಳಬಲ್ಲರು.

ಆದರೆ ಕೇಳುವುದಕ್ಕೂ ಒಂದು ರೀತಿಯುಂಟು. ಮೊದಲ ಕೆಲವು ವಾರ ನೋಡಬೇಕು. ಕಂಡದ್ದನ್ನು ತಾರೀಖಿನೊಡನೆ ಬರೆದಿಡಬೇಕು. ಕುಂದೆಂದು ತೋರಿದ್ದರ ಹಿಂದೆ ಹಳೆಯ ಕಾರಣವಿರಬಹುದಾದುದರಿಂದ, “ಇದು ತಪ್ಪು” ಎನ್ನುವ ಮೊದಲು “ಇದು ಹೀಗೇಕೆ?” ಎಂದು ವಿಚಾರಿಸಬೇಕು. “ನಿಮ್ಮಲ್ಲಿ ಶಿಸ್ತಿಲ್ಲ” ಎಂದರೆ ಜಗಳ. “ಕಳೆದ ತಿಂಗಳು ಮೂರು ಸಲ ಪರೀಕ್ಷೆಯಿಲ್ಲದೆ ಕೋಡು ಹೊರಗೆ ಹೋಯಿತು, ಎರಡು ಸಲ ಹಿಂದೆಗೆಯಬೇಕಾಯಿತು” ಎಂದರೆ ವಿಚಾರ. ಕೊನೆಗೆ ಒಂದು ಸಣ್ಣ ಪರಿಹಾರವನ್ನು ಸೂಚಿಸಿ, ಅದರ ಶ್ರಮವನ್ನು ತಾವೇ ವಹಿಸಿಕೊಳ್ಳಬೇಕು: “ಎರಡು ವಾರ ಪ್ರಯೋಗಿಸೋಣ, ಪರಿಶೀಲನೆಯ ಪಟ್ಟಿಯನ್ನು ನಾನು ಬರೆದುಕೊಡುತ್ತೇನೆ.”

ಎಲ್ಲಿ ಹೇಳಬೇಕೆಂಬುದನ್ನು ಯಕ್ಷಗಾನದ ಮಣ್ಣಿನವರಿಗೆ ವಿವರಿಸಬೇಕಾಗಿಲ್ಲ. ಮೇಳಕ್ಕೆ ಹೊಸದಾಗಿ ಸೇರಿದ ವೇಷಧಾರಿಯು ಸಂದೇಹವನ್ನು ಚೌಕಿಯಲ್ಲಿ ಭಾಗವತರೊಡನೆ ಬಗೆಹರಿಸಿಕೊಳ್ಳುತ್ತಾನೆಯೇ ಹೊರತು ರಂಗಸ್ಥಳದಲ್ಲಿ ನಿಂತಲ್ಲ. ಅಂತೆಯೇ ಮೊದಲು ತಂಡದ ಮುಖ್ಯಸ್ಥರಲ್ಲಿ ಏಕಾಂತವಾಗಿ, ಅನಂತರ ಸಭೆಯಲ್ಲಿ. ಅನೇಕ ತಂಡಗಳಲ್ಲಿ ಇದಕ್ಕೆಂದೇ ರೆಟ್ರೊಸ್ಪೆಕ್ಟಿವ್ ಎಂಬ ಸಭೆಯಿದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ 17 ಮಂದಿ ತಜ್ಞರು ಸೇರಿ ‘ಅಜೈಲ್’ ಪ್ರಣಾಳಿಕೆಯನ್ನು ರೂಪಿಸಿದರು. ತಂಡವು ಆಗಾಗ ತನ್ನ ನಡೆಯನ್ನು ತಾನೇ ವಿಮರ್ಶಿಸಿ ತಿದ್ದಿಕೊಳ್ಳಬೇಕೆಂಬುದು ಅದರ 12 ತತ್ತ್ವಗಳಲ್ಲಿ ಕೊನೆಯದು. ಆದುದರಿಂದ ಪ್ರಶ್ನಿಸುವುದು ಉದ್ಧಟತನವಲ್ಲ. ಅದೂ ಕೆಲಸದ ಒಂದು ಭಾಗ.

ಇಂಗ್ಲಿಷಿನಲ್ಲಿ ತಡವರಿಸುವೆವೆಂಬ ಭಯ ನಮ್ಮ ಮಕ್ಕಳನ್ನು ಹೆಚ್ಚಾಗಿ ಮೂಕರನ್ನಾಗಿಸುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಿರಿಯರು ಬರೆದ ಮನವಿಗಳನ್ನು ನೆನೆಯಿರಿ. ವಿಷಯ, ಆಧಾರ, ಬೇಡಿಕೆ. ಮನವಿಗೆ ಈ ಮೂರೇ ಅಂಗಗಳು. ಕಚೇರಿಯಲ್ಲಿಯೂ ಮೂರು ಸರಳ ವಾಕ್ಯಗಳನ್ನು ಮುಂಚಿತವಾಗಿ ಬರೆದುಕೊಂಡು ಹೋದರೆ ಸಾಕು. ಅಲ್ಲಿ ತೂಗುವುದು ಉಚ್ಚಾರಣೆಯಲ್ಲ, ಆಧಾರ.

ಹೇಳಿದ್ದೆಲ್ಲ ನಡೆದೀತೆಂಬ ಭ್ರಮೆಯೂ ಬೇಡ. ಸಣ್ಣ ವಿಷಯವಾದರೆ ತಮ್ಮ ಪಾಲಿನ ಕೆಲಸವನ್ನು ಚೊಕ್ಕಟವಾಗಿ ಮಾಡಿ ಕಾಯಬಹುದು. ಆದರೆ ಗ್ರಾಹಕರ ಹಣವೋ ಖಾಸಗಿ ವಿವರಗಳೋ ಅಪಾಯದಲ್ಲಿದ್ದರೆ, ಬಾಯಿಮಾತಿಗೆ ನಿಲ್ಲದೆ ಲಿಖಿತವಾಗಿ ಮೇಲಿನವರಿಗೆ ತಿಳಿಸುವುದು ಕರ್ತವ್ಯ. ನಮ್ಮ ಮೌನದ ಬೆಲೆಯನ್ನು ತೆರುವವರು ನಮ್ಮನ್ನು ಎಂದೂ ಕಾಣದ ಜನರು.

ತಂದೆತಾಯಿಗಳಲ್ಲಿ ನಮ್ಮದೊಂದು ಪ್ರಾರ್ಥನೆ. ಮಕ್ಕಳನ್ನು ಕಳುಹಿಸಿಕೊಡುವಾಗ “ಸುಮ್ಮನಿರು” ಎನ್ನದೆ, “ನೋಡು, ತಿಳಿದುಕೋ, ವಿನಯದಿಂದ ಕೇಳು” ಎಂದು ಹರಸಿರಿ.