ನೀರು ಸುಮ್ಮನಿದೆ, ಬೋರ್ಡು ಸುಡ್ತಿದೆ: ಅಲ್ಟ್ರಾಸೋನಿಕ್ ಕ್ಲೀನರ್ ಒಳಗಿನ ಕೈಬದಲು ಲೆಕ್ಕ

ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಸ್ಟೀಲ್ ತೊಟ್ಟಿ ಇರೋ ಒಂದು ಪುಟ್ಟ ಪೆಟ್ಟಿಗೆ ನೋಡಿರ್ತೀರಿ. ತೊಟ್ಟೀಲಿ ಒಂದಿಷ್ಟು ನೀರು, ಅದರಲ್ಲಿ ಬಿಚ್ಚಿಟ್ಟ ಫೋನ್ ಬೋರ್ಡು, ಸ್ವಿಚ್ ಒತ್ತಿದ್ರೆ 'ಚುಂಯ್' ಅಂತ ಸದ್ದು. ಅದಕ್ಕೆ ಅಲ್ಟ್ರಾಸೋನಿಕ್ ಕ್ಲೀನರ್ ಅಂತಾರೆ. ಕಬಿನಿ ಹಿನ್ನೀರಿನ ಹತ್ರ ಸೆಲ್ಫಿ ತೆಗೆಯೋಕೆ ಹೋಗಿ ಮುಳುಗಿದ ಫೋನು, ಗದ್ದೆ ಕೆಸರಿಗೆ ಬಿದ್ದ ಫೋನು, ಹೆಗ್ಗಡದೇವನಕೋಟೆ ಕಡೆ ಇಂಥ ಕೇಸಿಗೆ ಬರ ಇಲ್ಲ. ಮೊದಲು ಎಲ್ಲರೂ ಫೋನನ್ನ ಅಕ್ಕಿ ಡಬ್ಬಕ್ಕೆ ಹಾಕ್ತಾರೆ. ಹಾಗೆ ಮಾಡ್ಬೇಡಿ ಅಂತ ಆಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳಿದೆ. ನಮ್ಮ ಕಡೆ ರಾಗಿ ಡಬ್ಬಕ್ಕೆ ಹಾಕಿದವರನ್ನೂ ನಾನು ನೋಡಿದ್ದೀನಿ, ಅದರ ಬಗ್ಗೆ ಆಪಲ್ ಏನೂ ಹೇಳಿಲ್ಲ.

ಈ ಪೆಟ್ಟಿಗೆ ಏನು ಮಾಡುತ್ತೆ? ತೊಟ್ಟಿಯ ತಳಕ್ಕೆ ಹೊರಗಿನಿಂದ ಒಂದು ಟ್ರಾನ್ಸ್‌ಡ್ಯೂಸರ್ ಅಂಟಿಸಿರ್ತಾರೆ. ಅದರೊಳಗೆ ಪಿಯೆಜೊ ಸೆರಾಮಿಕ್ ಬಿಲ್ಲೆಗಳು, ಎರಡೂ ಕಡೆ ಲೋಹದ ತುಂಡು, ನಡುವೆ ಬಿಗಿದ ಬೋಲ್ಟು. ಕರೆಂಟ್ ಕೊಟ್ರೆ ಬಿಲ್ಲೆ ಹಿಗ್ಗುತ್ತೆ, ಕುಗ್ಗುತ್ತೆ, ಸೆಕೆಂಡಿಗೆ ಸುಮಾರು 40,000 ಸಲ. ಆ ನಡುಕಕ್ಕೆ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ, ಆ ಕ್ಷಣವೇ ಕುಸಿದು ಒಡೆಯುತ್ತವೆ. ಬ್ರಷ್ ಹೋಗದ ಕಡೆ, ಐಸಿ ಕೆಳಗಿನ ಕಿಲುಬನ್ನ ಕೀಳೋದು ಆ ಒಡೆತವೇ. ನಮ್ಮ ಕಿವಿಗೆ ಕೇಳಿಸೋದು ಹೆಚ್ಚೆಂದ್ರೆ 20,000ದವರೆಗೆ. ಹಾಗಾದ್ರೆ ಆ 'ಚುಂಯ್' ಎಲ್ಲಿಂದ? ಅದು ಗುಳ್ಳೆಗಳು ಒಡೆಯೋ ಗದ್ದಲ. (ನಾಗರಹೊಳೆ ಆನೆ ನಮಗೆ ಕೇಳದಷ್ಟು ಕೆಳಗಿನ ಸದ್ದಲ್ಲಿ ಮಾತಾಡುತ್ತೆ, ಹುಳ ಹಿಡಿಯೋ ಬಾವಲಿ ಕೇಳದಷ್ಟು ಮೇಲಿನ ಸದ್ದಲ್ಲಿ. ನಡುವೆ ನಾವು.)

ಲೋಹದ ನಡುವೆ ಹರಳು ಇಟ್ಟು ನೀರೊಳಗೆ ಸದ್ದು ಕಳಿಸಿದವನು ಫ್ರಾನ್ಸಿನ ಲಾಂಜೆವಾ, ಮೊದಲ ಮಹಾಯುದ್ಧದ ಕಾಲದಲ್ಲಿ, ಸಬ್‌ಮೆರೀನ್ ಹುಡುಕೋಕೆ. ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಇಂಥ ಸದ್ದು ಹರಿಯೋ ದ್ರವದೊಳಗೆ ಬೆಳಕು ಹಾದುಹೋದ್ರೆ ಅದು ಹೇಗೆ ಕವಲೊಡೆಯುತ್ತೆ ಅನ್ನೋದಕ್ಕೆ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಕೊಟ್ಟ ವಿವರಣೆಗೆ ಇವತ್ತಿಗೂ ರಾಮನ್-ನಾಥ್ ಸಿದ್ಧಾಂತ ಅಂತಲೇ ಹೆಸರು.

ಈಗ ನಮ್ಮ ಅಂಗಡಿಗೆ ಬರೋಣ. ಹ್ಯಾಂಡ್‌ಪೋಸ್ಟ್ ಹತ್ರ ನನ್ನ ಗೆಳೆಯನೊಬ್ಬ ರಿಪೇರಿ ಅಂಗಡಿ ಇಟ್ಟಿದ್ದಾನೆ. ಈ ಮೆಷಿನ್ ತಗೊಂಡಿದ್ದು ಅವರಮ್ಮ ಸಂಘದಲ್ಲಿ ಎತ್ತಿದ ಸಾಲದಲ್ಲಿ. ವಾರ ವಾರ ಕಂತು ಕಟ್ಟಬೇಕು. ಒಂದು ದಿನ ತಳದ ಟ್ರಾನ್ಸ್‌ಡ್ಯೂಸರ್ ಅಂಟು ಬಿಟ್ಟು ಕಳಚಿಕೊಂಡು, ಬಿಲ್ಲೆ ಸೀಳಿತು. ಬೆಂಗಳೂರಿನ ಎಸ್.ಪಿ. ರೋಡಿಂದ ಹೊಸದು ತರಿಸಿದ. ಮೇಲೆ ಬರೆದಿದ್ದು ಹಳೆಯದ್ರ ಹಾಗೇ: 40 ಕಿಲೋಹರ್ಟ್ಜ್, 60 ವ್ಯಾಟ್. ಅಂಟಿಸಿ, ಒಣಗಿಸಿ, ಆನ್ ಮಾಡಿದ. ನೀರು ಸುಮ್ಮನೆ ನಿಂತಿತ್ತು. ಹತ್ತು ನಿಮಿಷದಲ್ಲಿ ಎರಡೂ ಟ್ರಾನ್ಸಿಸ್ಟರ್ ಢಮಾರ್. ಹೊಸ ಜೋಡಿ ಹಾಕಿದ, ಅದೂ ಹೋಯ್ತು. ಮೂರನೇ ಜೋಡಿ ಹೋದಾಗ ನನಗೆ ಫೋನ್ ಮಾಡಿ, "ಮಗಾ, ಇದನ್ನ ಗುಜರಿಗೆ ಹಾಕ್ಬಿಡ್ಲಾ?" ಅಂದ.

ಇಲ್ಲಿ ಪವರ್ ಸಪ್ಲೈ ಕಥೆ ಶುರು. ಮನೆಯ 230 ವೋಲ್ಟನ್ನ ಡಯೋಡ್‌ಗಳು ಒಂದೇ ದಿಕ್ಕಿಗೆ ತಿರುಗಿಸ್ತವೆ. ಅದರ ತುದಿ ಸುಮಾರು 325 ವೋಲ್ಟ್. ಎರಡು ಟ್ರಾನ್ಸಿಸ್ಟರ್ ಸರದಿ ಮೇಲೆ ಆನ್ ಆಫ್ ಆಗಿ ಅದನ್ನ ಕತ್ತರಿಸಿ ಟ್ರಾನ್ಸ್‌ಡ್ಯೂಸರ್‌ಗೆ ಕಳಿಸ್ತವೆ. ಇಷ್ಟೇ ಆಗಿದ್ರೆ ಎಲ್ಲಾ ಸಲೀಸು. ಆದ್ರೆ ಆ ಸೆರಾಮಿಕ್ ಬಿಲ್ಲೆ ಕರೆಂಟಿನ ಕಣ್ಣಿಗೆ ಒಂದು ಕೆಪಾಸಿಟರ್ ಥರ ಕಾಣುತ್ತೆ, ಸುಮಾರು 4 ನ್ಯಾನೋಫ್ಯಾರಡ್. ಕೆಪಾಸಿಟರ್ ಗುಣ ಏನು? ತಗೊಳ್ಳುತ್ತೆ, ವಾಪಸ್ ಕೊಡುತ್ತೆ. ಮತ್ತೆ ತಗೊಳ್ಳುತ್ತೆ, ಮತ್ತೆ ಕೊಡುತ್ತೆ.

ನಾನು ಬಿಕಾಂ ಓದಿದವನು, ನನಗೆ ಇದು ಕೈಬದಲು ಸಾಲದ ಥರ ಕಾಣುತ್ತೆ. ಬೆಳಿಗ್ಗೆ ತಗೊಂಡು ಸಂಜೆ ಕೊಡೋ ದುಡ್ಡು. ಖರ್ಚಲ್ಲ, ಆದ್ರೆ ಯಾರೋ ಒಬ್ಬರ ಜೇಬಿಂದ ಬರಬೇಕು. ಪ್ರತಿ ಸಲ ಟ್ರಾನ್ಸಿಸ್ಟರೇ ಕೊಡಬೇಕಾದ್ರೆ ಓಡಾಟದಲ್ಲೇ ಅದು ಬೆಂದುಹೋಗುತ್ತೆ. ಅದಕ್ಕೆ ಪಕ್ಕದಲ್ಲಿ ಸರಣಿಯಾಗಿ ಒಂದು ಕಾಯಿಲ್ ಹಾಕ್ತಾರೆ. ಕಾಯಿಲ್ ಗುಣ ಕೆಪಾಸಿಟರ್‌ಗೆ ಉಲ್ಟಾ. ಇವನಿಗೆ ಬೇಕಾದಾಗ ಅವನ ಹತ್ರ ಇರುತ್ತೆ, ಅವನಿಗೆ ಬೇಕಾದಾಗ ಇವನ ಹತ್ರ. ಅಕ್ಕಪಕ್ಕದ ಎರಡು ಅಂಗಡಿಯವರು ತಮ್ಮೊಳಗೇ ಕೈಬದಲು ಮಾಡ್ಕೊಂಡ್ರೆ ಬ್ಯಾಂಕಿಗೆ ಹೋಗೋದೇ ಬೇಡ. ನೀರು ನಿಜವಾಗಿ ಖರ್ಚು ಮಾಡಿದ್ದನ್ನ ಮಾತ್ರ ಟ್ರಾನ್ಸಿಸ್ಟರ್ ಕೊಟ್ರೆ ಸಾಕು. ಇಬ್ಬರ ಲೆಕ್ಕ ಸರಿಹೋಗೋ ಆ ಒಂದು ವೇಗಕ್ಕೆ ರೆಸೊನೆನ್ಸ್ ಅಂತಾರೆ, ಕನ್ನಡದಲ್ಲಿ ಅನುರಣನ. 4 ನ್ಯಾನೋಫ್ಯಾರಡ್‌ಗೆ 40 ಕಿಲೋಹರ್ಟ್ಜ್‌ನಲ್ಲಿ ಜೋಡಿಯಾಗೋ ಕಾಯಿಲ್ ಹೆಚ್ಚುಕಮ್ಮಿ 4 ಮಿಲಿಹೆನ್ರಿ. ಇನ್ನೊಂದು ಟ್ರಾನ್ಸ್‌ಡ್ಯೂಸರ್ ಪಕ್ಕದಲ್ಲಿ ಸೇರಿಸಿದ್ರೆ ಕೆಪಾಸಿಟಿ ದುಪ್ಪಟ್ಟು, ಕಾಯಿಲ್ ಅರ್ಧಕ್ಕೆ ಇಳೀಬೇಕು. "ಪವರ್ ಸಾಲ್ದು, ಇನ್ನೊಂದು ಅಂಟಿಸೋಣ" ಅಂತ ಹೊರಡೋರು ಮರೆಯೋದು ಇದನ್ನೇ.

ತಮಾಷೆ ಏನಂದ್ರೆ ಇಲ್ಲಿ ರೆಸೊನೆನ್ಸ್ ಒಂದಲ್ಲ, ಎರಡು. ಒಂದು ಕಾಯಿಲ್-ಕೆಪಾಸಿಟರ್‌ದು. ಇನ್ನೊಂದು ಆ ಲೋಹದ ತುಂಡಿನದೇ ಸ್ವಂತದ್ದು. ಕೋಟೆಯಿಂದ ಮೈಸೂರಿಗೆ ಹೋಗೋ ಬಸ್ಸಲ್ಲಿ ಒಂದು ವೇಗಕ್ಕೆ ಮಾತ್ರ ಕಿಟಕಿ ಗಾಜು ಗಡಗಡ ಅನ್ನುತ್ತಲ್ಲ, ಡ್ರೈವರ್ ಇನ್ನೂ ಜೋರು ತುಳಿದ್ರೆ ನಿಂತುಹೋಗುತ್ತಲ್ಲ, ಹಾಗೆ. ಎರಡೂ ಒಂದೇ ಕಡೆ ಕೂಡಿದ್ರೆ ನೀರು ಕುದಿದ ಹಾಗೆ ಏಳುತ್ತೆ.

ಗೆಳೆಯನ ಮೆಷಿನ್‌ನಲ್ಲಿ ಅವೆರಡೂ ಬೇರೆ ಬೇರೆ ಆಗಿದ್ವು. ಇದನ್ನ ಹಿಡಿದಿದ್ದು ನಾನಲ್ಲ. ಮೈಸೂರಲ್ಲಿ ವಾಲ್ವ್ ರೇಡಿಯೊ ಕಾಲದಿಂದ ರಿಪೇರಿ ಮಾಡ್ತಿರೋ ಹಿರಿಯರೊಬ್ಬರು. "ಟ್ರಾನ್ಸಿಸ್ಟರ್ ಆಮೇಲೆ ಹಾಕೋಣ ಕಣಪ್ಪ, ಮೊದ್ಲು ಹೊಸ ಬಿಲ್ಲೆ ಅಳಿ" ಅಂದ್ರು. ಹಳೆಯದು 3.8 ನ್ಯಾನೋಫ್ಯಾರಡ್‌ದು ಅಂತ ಬೋರ್ಡ್ ಮೇಲೇ ಬರೆದಿತ್ತು. ಎಲ್‌ಸಿಆರ್ ಮೀಟರ್ ಇಟ್ಟಾಗ ಹೊಸದು ತೋರಿಸಿದ್ದು 5. ಅದೇ ಕಾಯಿಲ್‌ಗೆ 5 ನ್ಯಾನೋಫ್ಯಾರಡ್ ಸಿಕ್ಕಿದ್ರೆ ಕರೆಂಟಿನ ರೆಸೊನೆನ್ಸ್ 40,000ದಿಂದ ಸುಮಾರು 35,000ಕ್ಕೆ ಜಾರುತ್ತೆ. ಇಂಥ ಸಣ್ಣ ಮೆಷಿನ್‌ಗಳಲ್ಲಿ ವೇಗವನ್ನ ಗೊತ್ತುಮಾಡೋಕೆ ಬೇರೆ ಯಜಮಾನ ಇಲ್ಲ. ಹರಿಯೋ ಕರೆಂಟನ್ನೇ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಗಮನಿಸಿ ಟ್ರಾನ್ಸಿಸ್ಟರ್‌ಗೆ 'ಈಗ ನೀನು, ಈಗ ನೀನು' ಅನ್ನುತ್ತೆ. ಅದು ಹೋಗಿ 35,000ದಲ್ಲಿ ಕೂತುಬಿಡ್ತು. ಲೋಹ ಅಲ್ಲಿ ಅಲುಗಲ್ಲ, ನೀರಿಗೆ ಏನೂ ಮುಟ್ಟಲ್ಲ. ವ್ಯಾಪಾರವೇ ಇಲ್ದೆ ಕೈಬದಲು ಮಾತ್ರ ಬೆಳೀತಾ ಬೆಳೀತಾ ಟ್ರಾನ್ಸಿಸ್ಟರ್ ತಲೆ ಮೇಲೆ ಬಂತು. ನೀರು ಸುಮ್ಮನಿದ್ದು ಬೋರ್ಡು ಸುಟ್ಟಿದ್ದು ಹೀಗೆ.

ಪರಿಹಾರಕ್ಕೆ ಖರ್ಚಾಗಿದ್ದು ಒಂದು ಬಸ್ ಟಿಕೆಟ್. ಹೌದು, ನಿಜವಾಗ್ಲೂ. ಕಾಯಿಲ್ ಒಳಗಿನ ಫೆರೈಟ್ ಕೋರ್ ಎರಡು ಹೋಳು, ನಡುವೆ ತೆಳು ಕಾಗದದಷ್ಟು ಸಂದು ಬಿಟ್ಟಿರ್ತಾರೆ. ಸಂದು ದಪ್ಪ ಆದಷ್ಟೂ ಹೆನ್ರಿ ಇಳಿಯುತ್ತೆ. ನಮಗೆ ಬೇಕಾಗಿದ್ದು ಹಳೆಯದರ ಮುಕ್ಕಾಲು ಪಾಲು. ಅವರು ಗೆಳೆಯನ ಜೇಬಿಂದ ಟಿಕೆಟ್ ಇಸ್ಕೊಂಡು ಕತ್ತರಿಸಿ, ಮಡಚಿ, ಇಟ್ಟು, ಅಳೆದು, ಮತ್ತೆ ಒಂದು ಮಡಿಕೆ ಸೇರಿಸಿದ್ರು. ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿದ್ರು, ಏನಾದ್ರೂ ಎಡವಟ್ಟಾದ್ರೆ ಟ್ರಾನ್ಸಿಸ್ಟರ್ ಬದಲು ಬಲ್ಬ್ ಉರೀಲಿ ಅಂತ. ಬಲ್ಬ್ ಮಂಕಾಗಿತ್ತು. ನೀರಿಂದ 'ಚುಂಯ್' ಬಂತು. ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ಚೂರನ್ನ ನೀರಲ್ಲಿ ಅರ್ಧ ನಿಮಿಷ ನೇತುಹಾಕಿದ್ರೆ ತೂತು ತೂತು. ಮೆಷಿನ್ ಕೆಲಸ ಮಾಡ್ತಿದ್ಯಾ ಅಂತ ನೋಡೋಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ, ನೀವೂ ಅಂಗಡಿಯಲ್ಲಿ ಕೇಳಬಹುದು.

ದೊಡ್ಡ ಮೆಷಿನ್‌ಗಳಲ್ಲಿ ವೋಲ್ಟೇಜ್-ಕರೆಂಟ್ ಹೆಜ್ಜೆ ಹೋಲಿಸಿ ವೇಗವನ್ನ ತಾನೇ ತಿದ್ದಿಕೊಳ್ಳೋ ಪಿಎಲ್‌ಎಲ್ ಸರ್ಕ್ಯೂಟ್ ಇರುತ್ತೆ. ಯಾಕಂದ್ರೆ ನೀರು ಬಿಸಿಯಾದ್ರೆ, ಮಟ್ಟ ಇಳಿದ್ರೆ, ಲೋಹದ ರೆಸೊನೆನ್ಸೂ ಸ್ವಲ್ಪ ಜಾರುತ್ತೆ. ನೀರಿಲ್ಲದೆ ಅಂತೂ ಆನ್ ಮಾಡಲೇಬಾರದು. ನಡುಕವನ್ನ ತಗೊಳ್ಳೋರು ಯಾರೂ ಇಲ್ದೆ ಬಿಲ್ಲೆಯೇ ಬಿಸಿಯಾಗಿ ಅಂಟು ಬಿಡುತ್ತೆ. ಸಂಜೆ ಪಂಪ್‌ಸೆಟ್ ಶುರುವಾಗಿ ವೋಲ್ಟೇಜ್ 180ಕ್ಕೆ ಇಳಿದ್ರೆ ಮೆಷಿನ್ ಶಕ್ತಿ ಸುಮಾರು 60 ಪರ್ಸೆಂಟಿಗೆ ಇಳಿಯುತ್ತೆ, ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇರೋದ್ರಿಂದ. ಗೆಳೆಯ ಈಗ ಬೋರ್ಡ್ ತೊಳೆಯೋದೆಲ್ಲ ಮಧ್ಯಾಹ್ನವೇ.

ರಿಪೇರಿ ಮಾಡೋ ಹುಡುಗರಿಗೆ ಒಂದೆರಡು ಮಾತು. ಈ ಬೋರ್ಡಿಗೂ ಮೇನ್ಸಿಗೂ ನಡುವೆ ಟ್ರಾನ್ಸ್‌ಫಾರ್ಮರ್ ತಡೆ ಸಾಮಾನ್ಯವಾಗಿ ಇರಲ್ಲ, ಯಾವ ಭಾಗ ಬೇಕಾದ್ರೂ ಹೊಡೀಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ, ಮೀಟರ್ ಇಟ್ಟು ನೋಡಿ. ಐಪಿಎ, ಪೆಟ್ರೋಲ್ ಯಾವುದನ್ನೂ ನೇರ ತೊಟ್ಟಿಗೆ ಸುರೀಬೇಡಿ, ಬೆಂಕಿ ಹತ್ತುತ್ತೆ. ಫೋನಿನ ಮೈಕ್ ಬಿಚ್ಚಿಟ್ಟು ಆಮೇಲೆ ಬೋರ್ಡ್ ಇಳಿಸಿ. ಮತ್ತೆ ಆ ಸ್ಟೀಲ್ ತೊಟ್ಟಿಗೆ ಅರ್ತ್ ಇರಲೇಬೇಕು. ಗೆಳೆಯನ ಅಂಗಡಿಯಲ್ಲಿ ಮೂರು ಪಿನ್ನಿನ ಪ್ಲಗ್ಗನ್ನ ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿದ್ದ. ಹಿರಿಯರು ಅದನ್ನ ಕಿತ್ತು ತಮ್ಮ ಜೇಬಿಗೆ ಹಾಕ್ಕೊಂಡ್ರು, ಇನ್ನೂ ವಾಪಸ್ ಕೊಟ್ಟಿಲ್ಲ.

ಮುಂದಿನ ಎಪಿಸೋಡ್‌ನಲ್ಲಿ ಇನ್ವರ್ಟರ್ ಬ್ಯಾಟರಿ ಬಗ್ಗೆ ಮಾತಾಡೋಣ.