ಫೈಲಿಗೆ ಲೆಕ್ಕ ಇದೆ, ಕೌಂಟರಿಗೆ ಲೆಕ್ಕ ಇಲ್ಲ



ಇವತ್ತು ಸೆಪ್ಟೆಂಬರ್ 14, ಹಿಂದಿ ದಿವಸ. 1949ರಲ್ಲಿ ಇದೇ ದಿನ ನಮ್ಮ ಸಂವಿಧಾನ ಸಭೆ, ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರ ಸರ್ಕಾರದ ಆಡಳಿತ ಭಾಷೆ ಅಂತ ಒಪ್ಪಿಕೊಂಡಿತು. ಗಮನಿಸಿ, ಆಡಳಿತ ಭಾಷೆ. ರಾಷ್ಟ್ರಭಾಷೆ ಅಲ್ಲ. ರಾಷ್ಟ್ರಭಾಷೆ ಅನ್ನೋ ಮಾತೇ ನಮ್ಮ ಸಂವಿಧಾನದಲ್ಲಿ ಇಲ್ಲ. ಇದನ್ನ ಎಷ್ಟು ಸಲ ಹೇಳಿದರೂ ವಾಟ್ಸಾಪ್‌ನಲ್ಲಿ ಉಲ್ಟಾನೇ ಓಡ್ತಾ ಇರುತ್ತೆ. ಇರಲಿ, ಇವತ್ತು ನನ್ನ ಪ್ರಶ್ನೆ ಅದಲ್ಲ.

ನಿಮ್ಮೂರಿನ ಯಾವುದಾದರೂ ಕೇಂದ್ರ ಸರ್ಕಾರಿ ಕಚೇರಿಗೋ, ಸರ್ಕಾರಿ ಬ್ಯಾಂಕಿಗೋ ಈ ತಿಂಗಳು ಹೋಗಿ ನೋಡಿ. ಹಿಂದಿ ಪಖವಾಡದ ಬ್ಯಾನರ್ ಕಾಣುತ್ತೆ. ಪ್ರಬಂಧ ಸ್ಪರ್ಧೆ, ಟಿಪ್ಪಣಿ ಬರೆಯೋ ಸ್ಪರ್ಧೆ, ಬಹುಮಾನ, ಭಾಷಣ. ಹದಿನೈದು ದಿನದ ಹಬ್ಬ ಅಷ್ಟೇ ಬಿಡಿ ಅಂತೀರಾ? ಅಲ್ಲ. ಹಬ್ಬದ ಹಿಂದೆ ವರ್ಷವಿಡೀ ಓಡೋ ಒಂದು ಯಂತ್ರ ಇದೆ.

ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರ ಅಂದ ತಕ್ಷಣ ಬಿಚ್ಚಿ ನೋಡೋ ಚಾಳಿ. ಬಿಚ್ಚೋಣ ಬನ್ನಿ. ಕೇಂದ್ರ ಗೃಹ ಸಚಿವಾಲಯದಲ್ಲಿ ರಾಜಭಾಷಾ ವಿಭಾಗ ಅಂತ ಒಂದು ಇಲಾಖೆ, 1975ರಿಂದ. ಸಂಸತ್ತಿನ ರಾಜಭಾಷಾ ಸಮಿತಿ, 1976ರಿಂದ. ಅದೇ ವರ್ಷ ಬಂದ ರಾಜಭಾಷಾ ನಿಯಮಗಳು. ಊರೂರಲ್ಲಿ ನಗರ ರಾಜಭಾಷಾ ಅನುಷ್ಠಾನ ಸಮಿತಿಗಳು. ಪ್ರತಿ ವರ್ಷ ಗುರಿ ನಿಗದಿ ಮಾಡೋ ವಾರ್ಷಿಕ ಕಾರ್ಯಕ್ರಮ. ಮೂರು ತಿಂಗಳಿಗೊಮ್ಮೆ ವರದಿ: ಎಷ್ಟು ಪತ್ರ ಹಿಂದಿಯಲ್ಲಿ ಹೋಯ್ತು, ಎಷ್ಟು ಟಿಪ್ಪಣಿ ಹಿಂದಿಯಲ್ಲಿ ಬರೆದ್ರಿ. ಕಲಿಯೋರಿಗೆ ಪ್ರಬೋಧ, ಪ್ರವೀಣ, ಪ್ರಾಜ್ಞ ಅನ್ನೋ ತರಬೇತಿ. ನಿಗದಿಪಡಿಸಿದ ಪರೀಕ್ಷೆ ಪಾಸಾದ ನೌಕರನಿಗೆ ಒಂದು ಇನ್‌ಕ್ರಿಮೆಂಟಿಗೆ ಸಮನಾದ ಹಣ, ಹನ್ನೆರಡು ತಿಂಗಳು.

ಎಷ್ಟು ಅಚ್ಚುಕಟ್ಟು ನೋಡಿ! ಇಲಾಖೆ ಇದೆ, ಗುರಿ ಇದೆ, ಅಳತೆ ಇದೆ, ತರಬೇತಿ ಇದೆ, ಬಹುಮಾನ ಇದೆ. ಒಂದು ಕೆಲಸ ನಿಜವಾಗಿ ಆಗಬೇಕು ಅಂದ್ರೆ ಹೀಗೇ ಮಾಡಬೇಕು. ನಾನು ವ್ಯಂಗ್ಯ ಮಾಡ್ತಿಲ್ಲ, ಮೆಚ್ಚಿಯೇ ಹೇಳ್ತಿದ್ದೀನಿ.

ಈಗ ಕೇಳೋಣ. ಈ ಯಂತ್ರದಲ್ಲಿ ಕರ್ನಾಟಕದ ಜನ ಎಲ್ಲಿದ್ದಾರೆ? 1976ರ ನಿಯಮಗಳು ದೇಶವನ್ನ ಎ, ಬಿ, ಸಿ ಅಂತ ಮೂರು ಭಾಗ ಮಾಡ್ತವೆ. ಉತ್ತರ ಪ್ರದೇಶ, ಬಿಹಾರದಂಥ ಹಿಂದಿ ರಾಜ್ಯಗಳು ಎ. ಗುಜರಾತ್, ಮಹಾರಾಷ್ಟ್ರ, ಪಂಜಾಬ್ ಬಿ. ನಾವು ಸಿ. ತಮಿಳುನಾಡಿಗೆ ಈ ನಿಯಮಗಳೇ ಅನ್ವಯಿಸಲ್ಲ, ಮೊದಲ ನಿಯಮದಲ್ಲೇ ಹಾಗಂತ ಬರೆದಿದೆ. ಸರಿ, ಸಿ ವಲಯದ ಮನುಷ್ಯನಿಗೆ ಕೇಂದ್ರದ ಕಚೇರಿ ಯಾವ ಭಾಷೆಯಲ್ಲಿ ಪತ್ರ ಬರೀಬೇಕು? ಮೂರನೇ ನಿಯಮ ಹೇಳುತ್ತೆ: ಇಂಗ್ಲಿಷ್‌ನಲ್ಲಿ. ಅಂದ್ರೆ ಕಚೇರಿಯ ಒಳಗೆ ಹಿಂದಿ ಬೆಳೀಬೇಕು, ಕಚೇರಿಯಿಂದ ನಮ್ಮ ಮನೆಗೆ ಇಂಗ್ಲಿಷ್ ಬರಬೇಕು. ಕನ್ನಡ? ಆ ನಿಯಮದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ.

ಇದಕ್ಕಿಂತ ದೊಡ್ಡ ವಿಚಾರ ಇನ್ನೊಂದಿದೆ. ಸಂಸತ್ತಿನ ಎರಡೂ ಸದನಗಳು ಒಪ್ಪಿ, 1968ರ ಜನವರಿಯಲ್ಲಿ ಹೊರಬಿದ್ದ ರಾಜಭಾಷಾ ಸಂಕಲ್ಪ ಅಂತ ಒಂದು ಠರಾವಿದೆ. ಹಿಂದಿಯ ಬೆಳವಣಿಗೆಗೆ ಕಾರ್ಯಕ್ರಮ ಮಾಡಬೇಕು, ವರ್ಷವರ್ಷ ಅದರ ವರದಿ ಸಂಸತ್ತಿನ ಮುಂದೆ ಇಡಬೇಕು ಅನ್ನೋದು ಅದರಲ್ಲೇ ಇದೆ. ಅದೇ ಠರಾವಿನ ಮುಂದಿನ ಪ್ಯಾರಾ ಓದಿ. ಎಂಟನೇ ಅನುಸೂಚಿಯ ಉಳಿದ ಭಾಷೆಗಳ ಪೂರ್ಣ ಬೆಳವಣಿಗೆಗೂ ಕೇಂದ್ರವು ರಾಜ್ಯಗಳ ಜೊತೆ ಸೇರಿ ಕಾರ್ಯಕ್ರಮ ರೂಪಿಸಿ ಜಾರಿಗೆ ತರಬೇಕು ಅಂತ ಇದೆ.

ಒಂದೇ ಠರಾವು, ಎರಡು ಪ್ಯಾರಾ. ಮೊದಲನೆಯದಕ್ಕೆ ಇಲಾಖೆ, ನಿಯಮ, ಗುರಿ, ಮೂರು ತಿಂಗಳ ವರದಿ. ಎರಡನೆಯದಕ್ಕೆ ಅಂಥ ಗುರಿ, ಅಂಥ ವರದಿ ಎಲ್ಲಿ? ಇವತ್ತಿನ ನನ್ನ ಪ್ರಶ್ನೆ ಇಷ್ಟೇ.

ಇದರ ಫಲ ನೋಡಿ. ಐಎಎಸ್ ಮುಖ್ಯ ಪರೀಕ್ಷೆಯನ್ನ ಕನ್ನಡದಲ್ಲಿ ಬರೆಯೋ ಅವಕಾಶ 1979ರಲ್ಲೇ ಸಿಕ್ಕಿತ್ತು. ಆದರೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಕನ್ನಡದಲ್ಲಿ ಬಂದಿದ್ದು 2024ರಲ್ಲಿ! ಜಿಲ್ಲಾಧಿಕಾರಿ ಆಗೋ ಮುಖ್ಯ ಪರೀಕ್ಷೆಯಲ್ಲಿ ಕನ್ನಡಕ್ಕೆ ಜಾಗ ಇತ್ತು, ಬಂದೂಕು ಹಿಡಿದು ಗಡಿ ಕಾಯೋ ಪರೀಕ್ಷೆಯಲ್ಲಿ ಇರಲಿಲ್ಲ. ಅಷ್ಟು ವರ್ಷ ನಮ್ಮ ಹಳ್ಳಿ ಹುಡುಗರು ಹಿಂದಿ, ಇಂಗ್ಲಿಷ್‌ನ ಪ್ರಶ್ನೆಪತ್ರಿಕೆ ಎದುರು ಕೂತರು. ಬದಲಾವಣೆ ತಂದಿದ್ದು ಒಳ್ಳೇದು, ಸ್ವಾಗತ. ಕಳೆದುಹೋದ ವರ್ಷಗಳನ್ನ ಯಾರು ಕೊಡ್ತಾರೆ?

ಕೌಂಟರಿಗೆ ಬನ್ನಿ. ಬೆಳೆಸಾಲದ ಫಾರಂ, ವಿಮೆಯ ಕಾಗದ, ಪಿಂಚಣಿಯ ಅರ್ಜಿ. ಓದೋಕೆ ಬಾರದ ಕಾಗದದ ಮೇಲೆ, 'ಇಲ್ಲಿ ಸೈನ್ ಹಾಕಿ ಅಮ್ಮ' ಅಂದ ಕಡೆ ನಮ್ಮ ತಾಯಂದಿರು ಸೈನ್ ಹಾಕ್ತಾರೆ. ಯಾವ ಷರತ್ತಿಗೆ ಒಪ್ಪಿದ್ರು ಅಂತ ಅವರಿಗೆ ಗೊತ್ತಿಲ್ಲ. ನಾಳೆ ವಿಮೆ ಹಣ ಬರಲ್ಲ ಅಂದ್ರೆ, 'ನೀವೇ ಸೈನ್ ಹಾಕಿದೀರಲ್ಲ' ಅಂತಾರೆ. ಇದು ಅಭಿಮಾನದ ಪ್ರಶ್ನೆ ಮಾತ್ರ ಅಲ್ಲ ವೀಕ್ಷಕರೇ, ದುಡ್ಡಿನ ಪ್ರಶ್ನೆ, ಬದುಕಿನ ಪ್ರಶ್ನೆ. ಗ್ರಾಹಕರಿಗೆ ಕೊಡೋ ಫಾರಂ, ಚಲನ್, ಪಾಸ್‌ಬುಕ್ ಹಿಂದಿ, ಇಂಗ್ಲಿಷ್ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತೆ. ಕಾಗದದ ಮೇಲೆ ಇದೆ. ಫಾರಂ ಕೇಳಿ ನೋಡಿ, 'ಸ್ಟಾಕ್ ಇಲ್ಲ' ಅನ್ನೋ ಉತ್ತರ ಎಷ್ಟು ಜನರಿಗೆ ಸಿಕ್ಕಿಲ್ಲ ಹೇಳಿ?

ಆ ಕಡೆಯ ವಾದವೂ ಕೇಳೋಣ. ಬೆಂಗಳೂರಿನ ಕಚೇರಿಗೂ ಪಾಟ್ನಾದ ಕಚೇರಿಗೂ ನಡುವೆ ಒಂದು ಸಾಮಾನ್ಯ ಭಾಷೆ ಬೇಡವಾ? ಬೇಕು. ಆ ಪತ್ರ ಹಿಂದಿಯಲ್ಲಿ ಹೋದರೆ ಚಿಂತಾಮಣಿಯ ರೈತನಿಗೆ ನಷ್ಟ ಏನೂ ಇಲ್ಲ. ಬಿಹಾರದಿಂದ ಇಲ್ಲಿಗೆ ವರ್ಗವಾಗಿ ಬಂದ ಆ ಬ್ಯಾಂಕಿನ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನಿಗೆ ಹಿಂದಿ ಟಿಪ್ಪಣಿಯ ಲೆಕ್ಕ ಕೇಳ್ತಾರೆ. ಕನ್ನಡ ಕಲಿತೆಯಾ ಅಂತ ಅವನ ಮೇಲಧಿಕಾರಿ ಕೇಳ್ತಾರಾ? ಅಳೆಯೋದು ಬೆಳೆಯುತ್ತೆ, ಅಳೆಯದೇ ಇರೋದು ಸೊರಗುತ್ತೆ. ಯಾವ ಫ್ಯಾಕ್ಟರಿಗೆ ಹೋಗಿ ಕೇಳಿದ್ರೂ ಇದನ್ನೇ ಹೇಳ್ತಾರೆ.

ಹಾಗಾಗಿ ಬೇಡಿಕೆ ಸರಳ. ಹಿಂದಿಗೆ ಮಾಡಿದ ಯಂತ್ರವನ್ನೇ ಕನ್ನಡಕ್ಕೂ ಹೂಡಿ. ಮೂರು ತಿಂಗಳ ವರದಿಯಲ್ಲಿ ಇನ್ನೊಂದು ಕಾಲಂ ಸೇರಿಸಿ: ಎಷ್ಟು ಜನರಿಗೆ ಅವರ ಭಾಷೆಯಲ್ಲಿ ಸೇವೆ ಕೊಟ್ರಿ? ಇಲ್ಲಿಗೆ ವರ್ಗವಾಗಿ ಬಂದವರಿಗೆ ಕಚೇರಿ ವೇಳೆಯಲ್ಲೇ ಕನ್ನಡ ಕಲಿಸಿ, ಪಾಸಾದರೆ ಅದೇ ಇನ್‌ಕ್ರಿಮೆಂಟ್ ಕೊಡಿ. ಮೂರನೇ ನಿಯಮ ತಿದ್ದಿ, ನಮ್ಮ ಮನೆಗೆ ಬರೋ ಪತ್ರದಲ್ಲಿ ಕನ್ನಡವೂ ಇರಲಿ. ನಮ್ಮ ಸಂಸದರು ಯಾವ ಪಕ್ಷದವರೇ ಆಗಿರಲಿ, ಸದನದಲ್ಲಿ ಕೇಳಬೇಕಾದ್ದು ಇದು. ಹಾಗೆ ಕೇಳುವಾಗ ವಿಧಾನಸೌಧವೂ ಕನ್ನಡಿ ನೋಡಿಕೊಳ್ಳಲಿ. ನಮ್ಮದೇ ಆಡಳಿತ ಭಾಷಾ ಕಾಯ್ದೆ 1963ರದ್ದು. ನಮ್ಮ ಇಲಾಖೆಗಳ ಫೈಲಲ್ಲೇ ಇಂಗ್ಲಿಷ್ ಟಿಪ್ಪಣಿ ಇದ್ದರೆ ದೆಹಲಿಯನ್ನ ಕೇಳೋ ದನಿ ಸಣ್ಣದಾಗುತ್ತೆ.

ನಿಮ್ಮ ಕೈಯಲ್ಲೂ ಅಸ್ತ್ರ ಇದೆ. ಕುಂದುಕೊರತೆಯ ಅರ್ಜಿಯನ್ನ ಕೇಂದ್ರದ ಅಧಿಕಾರಿಗೂ ಕನ್ನಡದಲ್ಲೇ ಬರೆಯಬಹುದು, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಕನ್ನಡದಲ್ಲಿ ಹಾಕಬಹುದು, 2005ರ ಕಾಯ್ದೆಯ 6ನೇ ಸೆಕ್ಷನ್ ಹಾಗೆ ಹೇಳುತ್ತೆ. ನಾಳೆ ಬ್ಯಾಂಕಿಗೆ ಹೋದಾಗ ಜಗಳ ಬೇಡ, ವಿಡಿಯೋ ಬೇಡ. ಕನ್ನಡದ ಫಾರಂ ಕೇಳಿ. ಇಲ್ಲ ಅಂದ್ರೆ, ಇಲ್ಲ ಅಂತ ಬರೆದು ಕೊಡಿ ಅನ್ನಿ. ಹತ್ತು ಜನ ಹಾಗೆ ಕೇಳಿದ ದಿನ, ಕೌಂಟರಿನ ಲೆಕ್ಕವನ್ನೂ ಯಾರಾದರೂ ಇಡೋಕೆ ಶುರು ಮಾಡ್ತಾರೆ.